ಜಿಆರ್‌ಇ ಇಂಗ್ಲಿಷ್‌ಗೆ ತಯಾರಿ: ಚಪ್ಪಲಿ ಡಬ್ಬಿ, ಲಗ್ನಪತ್ರಿಕೆ, ದಿನಕ್ಕೆ ಎಂಟು ಪದ

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಆಮೇಲೆ ಶಿವಮೊಗ್ಗದಲ್ಲಿ ಸಿವಿಲ್ ಇಂಜಿನಿಯರಿಂಗ್, ಬೆಂಗಳೂರಿನಲ್ಲಿ ಕೆಲಸ. ಹೊರದೇಶದಲ್ಲಿ ಎಂಎಸ್ ಮಾಡಬೇಕು ಅಂತ ಮನಸ್ಸಾದಾಗ, ಅದಕ್ಕಾಗಿ ಬರೆಯುವ ಜಿಆರ್‌ಇ ಪ್ರವೇಶ ಪರೀಕ್ಷೆಯಲ್ಲಿ ಗಣಿತದ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ವರ್ಬಲ್, ಅಂದರೆ ಇಂಗ್ಲಿಷ್ ಭಾಗದ್ದು. ಮೊದಲ ಅಣಕು ಪರೀಕ್ಷೆಯಲ್ಲಿ 145 ಬಂತು. ಈ ಭಾಗದ ಅಂಕ 130ರಿಂದ ಶುರುವಾಗಿ 170ಕ್ಕೆ ಮುಗಿಯುತ್ತದೆ. ನಾಲ್ಕು ತಿಂಗಳ ನಂತರ, 2024ರ ಆಗಸ್ಟ್‌ನಲ್ಲಿ ಬರೆದ ನಿಜವಾದ ಪರೀಕ್ಷೆಯಲ್ಲಿ 157 ಬಂತು. ಆ ನಾಲ್ಕು ತಿಂಗಳಲ್ಲಿ ಏನು ಮಾಡಿದೆ ಅನ್ನುವುದನ್ನು ನನ್ನ ಹಾಗೇ ಕನ್ನಡದಲ್ಲಿ ಓದಿ ಬಂದವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆ ಹೇಗಿದೆ ತಿಳಿದುಕೊಳ್ಳಿ. 2023ರ ಸೆಪ್ಟೆಂಬರ್‌ನಿಂದ ಜಿಆರ್‌ಇ ಚಿಕ್ಕದಾಗಿದೆ, ಒಟ್ಟು 1 ಗಂಟೆ 58 ನಿಮಿಷ. ಅದರಲ್ಲಿ ವರ್ಬಲ್‌ಗೆ ಎರಡು ಸುತ್ತು. ಮೊದಲ ಸುತ್ತಿಗೆ 12 ಪ್ರಶ್ನೆ, 18 ನಿಮಿಷ. ಎರಡನೆಯದಕ್ಕೆ 15 ಪ್ರಶ್ನೆ, 23 ನಿಮಿಷ. ಮೊದಲ ಸುತ್ತಿನಲ್ಲಿ ಹೇಗೆ ಮಾಡುತ್ತೀರೋ ಅದರ ಮೇಲೆ ಎರಡನೇ ಸುತ್ತಿನ ಕಷ್ಟ ನಿರ್ಧಾರವಾಗುತ್ತದೆ. ಪ್ರಶ್ನೆಗಳು ಮೂರು ಬಗೆ: ಬಿಟ್ಟ ಸ್ಥಳ ತುಂಬುವುದು, ಒಂದೇ ಅರ್ಥ ಕೊಡುವ ಎರಡು ಪದ ಆರಿಸುವುದು, ಗದ್ಯ ಓದಿ ಉತ್ತರಿಸುವುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ.

ಈಗ ಪದಗಳ ವಿಷಯ. ನಾನು ಸೇರಿದ್ದ ಒಂದು ಕೋಚಿಂಗ್‌ನಲ್ಲಿ ದಿನಕ್ಕೆ 40 ಪದ ಬಾಯಿಪಾಠ ಮಾಡಿಸುತ್ತಿದ್ದರು. ಸೋಮವಾರ ಕಲಿತದ್ದು ಶುಕ್ರವಾರಕ್ಕೆ ಮರೆತಿರುತ್ತಿತ್ತು. ನನ್ನ ಜ್ಞಾಪಕಶಕ್ತಿಯೇ ಸರಿಯಿಲ್ಲ ಅಂದುಕೊಂಡು ಎಷ್ಟೋ ರಾತ್ರಿ ಅತ್ತಿದ್ದೇನೆ. ತಪ್ಪು ನನ್ನದಲ್ಲ, ವಿಧಾನದ್ದು ಅಂತ ತಿಳಿಯಲು ಒಂದು ತಿಂಗಳು ಬೇಕಾಯಿತು. ಉರು ಹೊಡೆಯುವ ಆ ಪದ್ಧತಿ ಹಳೇ ಪರೀಕ್ಷೆಯಿಂದ ಉಳಿದು ಬಂದದ್ದು. ಮೊದಲೆಲ್ಲ ವಿರುದ್ಧ ಪದ ಯಾವುದು, ಈ ಜೋಡಿಗೆ ಹೊಂದುವ ಜೋಡಿ ಯಾವುದು ಅಂತ ಬರೀ ಪದವನ್ನೇ ಕೇಳುತ್ತಿದ್ದರು. 2011ರ ಆಗಸ್ಟ್‌ನಲ್ಲಿ ಆ ಎರಡೂ ಬಗೆಯ ಪ್ರಶ್ನೆ ಹೋದವು. ಈಗ ಪದ ಯಾವಾಗಲೂ ಒಂದು ವಾಕ್ಯದ ಒಳಗೇ ಬರುತ್ತದೆ. ಹಾಗಾಗಿ ಅದು ಯಾವ ವಾಕ್ಯದಲ್ಲಿ ಕೂರುತ್ತದೆ, ಹೊಗಳಿಕೆಯೋ ತೆಗಳಿಕೆಯೋ ಅನ್ನುವುದು ಗೊತ್ತಿಲ್ಲದೆ ಅರ್ಥ ಮಾತ್ರ ಗೊತ್ತಿದ್ದರೆ ಸಾಲದು.

ನಾನು ದಿನಕ್ಕೆ ಎಂಟೇ ಪದ ಇಟ್ಟುಕೊಂಡೆ. ಮೂರು ತಿಂಗಳಿಗೆ ಸುಮಾರು 700 ಪದ ಆಗುತ್ತದೆ. ಅಷ್ಟು ನಿಜವಾಗಿ ನಮ್ಮದಾದರೆ ಸಾಕು.

ಕಾರ್ಡು ಮಾಡಲು ಮನೆಯಲ್ಲಿದ್ದ ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿದೆ. ಗಟ್ಟಿ ಕಾಗದ, ಹಿಂಬದಿ ಖಾಲಿ ಇರುತ್ತದೆ. ಒಂದು ಪತ್ರಿಕೆಯಿಂದ ನಾಲ್ಕು ಕಾರ್ಡು ಬರುತ್ತಿತ್ತು. ಅಚ್ಚಾಗಿರುವ ಕಡೆ ಬಿಳಿ ಕಾಗದ ಅಂಟಿಸಿ ಪದ ಬರೆಯುತ್ತಿದ್ದೆ. ಹಿಂಬದಿಯಲ್ಲಿ ಮೂರು ಸಾಲು. ಮೊದಲನೆಯದು, ಆ ಪದ ನನಗೆ ಸಿಕ್ಕಿದ ವಾಕ್ಯ. ಎರಡನೆಯದು, ಅದಕ್ಕೆ ನಮ್ಮ ಮನೆಯಲ್ಲಿ ಆಡುವ ಕನ್ನಡದ ಮಾತು. ಮೂರನೆಯದು, ಅಧಿಕ ಅಥವಾ ಋಣ ಚಿಹ್ನೆ. ಅಧಿಕ ಅಂದರೆ ಹೊಗಳಿಕೆ, ಋಣ ಅಂದರೆ ತೆಗಳಿಕೆ.

ಎರಡನೇ ಸಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 'ಇಂಗ್ಲಿಷ್‌ನಲ್ಲೇ ಯೋಚಿಸಿ, ಕನ್ನಡ ಮರೆತುಬಿಡಿ' ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಪ್ಪತ್ತು ವರ್ಷ ನಾವು ಕೂಡಿಟ್ಟ ಅರ್ಥಗಳೆಲ್ಲ ಕನ್ನಡದಲ್ಲೇ ಇವೆ. ಅದನ್ನು ಯಾಕೆ ಬಿಡಬೇಕು? 'ಪರ್ಫಂಕ್ಟರಿ' ಅನ್ನುವ ಪದಕ್ಕೆ ನಿಘಂಟಿನ ಅರ್ಥ ಮೂರು ಸಲ ಓದಿದರೂ ನೆನಪಿರಲಿಲ್ಲ. 'ಕಾಟಾಚಾರಕ್ಕೆ ಮಾಡಿದ್ದು' ಅಂತ ಬರೆದ ದಿನದಿಂದ ಮರೆತಿಲ್ಲ. 'ಎಕ್ವಿವೊಕೇಟ್' ಅಂದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು. 'ಸಿಕೊಫಂಟ್' ಅಂದರೆ ಹೊಗಳುಭಟ್ಟ. 'ಕಪ್ರಿಷಸ್' ಅಂದರೆ ಗಳಿಗೆಗೊಂದು ಬುದ್ಧಿ. 'ಎಕ್ಸಾಸರ್ಬೇಟ್' ಅಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು. ಸಂಜೆ ಫೋನಿನಲ್ಲಿ ಅಮ್ಮನಿಗೆ ಅರ್ಥ ವಿವರಿಸಿ, 'ಇದಕ್ಕೆ ನೀನು ಏನಂತೀಯಾ?' ಅಂತ ಕೇಳುತ್ತಿದ್ದೆ. ಅಡಿಕೆ ಸುಲಿಯುತ್ತಾ ಅಮ್ಮ ಕೊಟ್ಟ ಮಾತುಗಳೇ ನನ್ನ ಡಬ್ಬಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇವೆ.

ಹೊಗಳಿಕೆ–ತೆಗಳಿಕೆ ಗುರುತು ಯಾಕೆ ಬೇಕು ಅಂದರೆ, 'ಫ್ರೂಗಲ್' ಮತ್ತು 'ಪಾರ್ಸಿಮೋನಿಯಸ್' ಎರಡಕ್ಕೂ ಕಡಿಮೆ ಖರ್ಚು ಮಾಡುವ ಅಂತಲೇ ಅರ್ಥ. ಆದರೆ ಮೊದಲನೆಯದು ಕೈ ಹಿಡಿತದ ಮನುಷ್ಯ, ಎರಡನೆಯದು ಜಿಪುಣ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ವಿಜ್ಞಾನದ ಬರಹದಲ್ಲಿ 'ಪಾರ್ಸಿಮೋನಿಯಸ್' ವಿವರಣೆ ಅಂದರೆ ಒಳ್ಳೆಯದೇ, ಅನಗತ್ಯ ಊಹೆಗಳಿಲ್ಲದ ಸರಳ ವಿವರಣೆ. ಇದು ಪಟ್ಟಿಯಲ್ಲಿ ಸಿಗುವುದಿಲ್ಲ, ಓದಿದರೆ ಮಾತ್ರ ಸಿಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಕಷ್ಟದ ಪದಗಳಲ್ಲ, ಗೊತ್ತಿರುವ ಪದಗಳು. 'ಚೆಕ್' ಅಂದರೆ ಪರೀಕ್ಷಿಸು ಅಂತ ಎಲ್ಲರಿಗೂ ಗೊತ್ತು. ತಡೆ ಹಾಕು ಅಂತಲೂ ಇದೆ. 'ಕ್ವಾಲಿಫೈ' ಅಂದರೆ ಅರ್ಹತೆ ಪಡೆ. ಆದರೆ ಲೇಖಕರೊಬ್ಬರು ತಮ್ಮ ಮಾತನ್ನು ಕ್ವಾಲಿಫೈ ಮಾಡಿದರು ಅಂದರೆ 'ಇದು ಎಲ್ಲ ಕಡೆ ನಿಲ್ಲುವುದಿಲ್ಲ' ಅಂತ ಮಿತಿ ಹಾಕಿಕೊಂಡರು ಅಂತ. 'ಸ್ಯಾಂಕ್ಷನ್' ಅಂದರೆ ಮಂಜೂರಾತಿಯೂ ಹೌದು, ದಂಡನೆಯೂ ಹೌದು. 'ಡಿಸ್‌ಇಂಟರೆಸ್ಟೆಡ್' ಅಂದರೆ ಆಸಕ್ತಿ ಇಲ್ಲದವನು ಅಂತ ಓದಿಕೊಂಡರೆ ಪ್ರಶ್ನೆ ಹೋಯಿತು, ಅಲ್ಲಿ ಬೇಕಾದ ಅರ್ಥ ಪಕ್ಷಪಾತವಿಲ್ಲದವನು. ಇಂಥವಕ್ಕೆ ನಾನು ಹಳದಿ ಕಾರ್ಡು ಇಟ್ಟಿದ್ದೆ.

ಪದದ ಬೇರು ತಿಳಿದಿದ್ದರೆ ಉಪಯೋಗ ಇದೆ. ನಮ್ಮಲ್ಲಿ 'ಸು', 'ದುರ್' ಇದ್ದ ಹಾಗೆ ಅವರಲ್ಲಿ 'ಬೆನೆ', 'ಮಲ್'. ಆದರೆ ಬೇರನ್ನು ಪೂರ್ತಿ ನಂಬಬೇಡಿ. 'ಇನ್‌ವ್ಯಾಲ್ಯುಯೆಬಲ್' ಅಂದರೆ ಬೆಲೆ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು.

ಕಾರ್ಡುಗಳನ್ನು ಚಪ್ಪಲಿ ಡಬ್ಬಿಯಲ್ಲಿ ಐದು ಖಾನೆ ಮಾಡಿ ಇಟ್ಟೆ. ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಪತ್ರಕರ್ತರು 1972ರಲ್ಲಿ ಜನಪ್ರಿಯಗೊಳಿಸಿದ ಕ್ರಮ ಇದು. ಹೊಸ ಕಾರ್ಡು ಮೊದಲ ಖಾನೆಗೆ. ಸರಿ ಹೇಳಿದರೆ ಮುಂದಿನ ಖಾನೆಗೆ ಹೋಗುತ್ತದೆ. ತಪ್ಪಿದರೆ ಎಲ್ಲಿದ್ದರೂ ವಾಪಸ್ ಮೊದಲನೆಯದಕ್ಕೆ. ನಾನು ಮೊದಲ ಖಾನೆಯನ್ನು ದಿನಾ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಆಮೇಲಿನವನ್ನು ನಾಲ್ಕು, ಎಂಟು, ಹದಿನಾರು ದಿನಕ್ಕೊಮ್ಮೆ ನೋಡುತ್ತಿದ್ದೆ. ಬೆಳಿಗ್ಗೆ ಕಾಫಿ ಜೊತೆ ಇಪ್ಪತ್ತು ನಿಮಿಷ ಸಾಕು. ಮೊಬೈಲೇ ಇಷ್ಟ ಅನ್ನುವವರಿಗೆ ಇದೇ ತತ್ವದ 'ಆಂಕಿ' ಅನ್ನುವ ಆ್ಯಪ್ ಇದೆ. ಆಂಡ್ರಾಯ್ಡ್‌ನಲ್ಲಿ ಉಚಿತ. ಬೇರೆಯವರು ಮಾಡಿಟ್ಟ ಕಾರ್ಡು ಇಳಿಸಿಕೊಳ್ಳುವುದು ಮಾತ್ರ ಬೇಡ. ಕೈಯಲ್ಲಿ ಬರೆಯುವಾಗಲೇ ಅರ್ಧ ಕಲಿತಿರುತ್ತೇವೆ.

ಓದುವುದಕ್ಕೆ ನನಗೆ ಮೆಟ್ರೊ ಸಿಕ್ಕಿತ್ತು. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗದಲ್ಲಿ ಒಂದು ಗಂಟೆ ಹತ್ತಿರ. ದಿನಕ್ಕೆ ಒಂದೇ ಲೇಖನ, ಸುಮಾರು 800 ಪದದ್ದು. ಸೋಮವಾರ ವಿಜ್ಞಾನ, ಮಂಗಳವಾರ ಇತಿಹಾಸ, ಬುಧವಾರ ಕಲೆ, ಹೀಗೆ. ನನಗೆ ಇಷ್ಟವಿಲ್ಲದ ವಿಷಯವನ್ನೇ ಬೇಕಂತ ಆರಿಸುತ್ತಿದ್ದೆ. ಪರೀಕ್ಷೆಯಲ್ಲಿ ನಮ್ಮ ಇಷ್ಟ ಯಾರೂ ಕೇಳುವುದಿಲ್ಲ ಅಲ್ವಾ? 'ದಿ ಹಿಂದೂ' ಸಂಪಾದಕೀಯ ಒಳ್ಳೆಯದೇ. ಆದರೆ ಅದೊಂದೇ ಸಾಲದು, ಯಾಕಂದರೆ ಅದರ ವಿಷಯ ನಮಗೆ ಮೊದಲೇ ಗೊತ್ತಿರುತ್ತದೆ. 'ಸೈಂಟಿಫಿಕ್ ಅಮೆರಿಕನ್', 'ಸ್ಮಿತ್ಸೋನಿಯನ್', 'ಈಯಾನ್' ಇಂಥ ಪತ್ರಿಕೆಗಳ ಬರಹ ಪರೀಕ್ಷೆಯ ಗದ್ಯಕ್ಕೆ ಜಾಸ್ತಿ ಹತ್ತಿರ.

ಓದುವಾಗ ನನಗೆ ಒಂದು ಸಂಗತಿ ಹೊಳೆಯಿತು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕನ್ನಡದಲ್ಲಿ ವಾಕ್ಯದ ತೀರ್ಪು ಕೊನೆಯಲ್ಲಿ ಬರುತ್ತದೆ. 'ಅವರು ಹೇಳಿದ್ದು ನಿಜ' ಅಂತ ಓದುತ್ತಾ ಬಂದರೆ ಕೊನೆಗೆ 'ಅಲ್ಲ' ಅಂತ ಬಿದ್ದು ಎಲ್ಲ ತಿರುಗಬಹುದು. ಹಾಗಾಗಿ ನಾವು ಕೊನೆಯವರೆಗೆ ಕಾಯುವ ಓದುಗರು. ಇಂಗ್ಲಿಷ್‌ನಲ್ಲಿ ಎಷ್ಟೋ ಸಲ ತಿರುವು ಮೊದಲ ಪದದಲ್ಲೇ ಇರುತ್ತದೆ: 'ಆಲ್ದೋ', 'ಫಾರ್ ಫ್ರಮ್', 'ಡಿಸ್ಪೈಟ್'. ಕರ್ತೃ, ಕ್ರಿಯಾಪದ ಬೇಗ ಬಂದು ಹೋಗಿ, ಉಳಿದದ್ದೆಲ್ಲ ಬಾಲದ ಹಾಗೆ ಹಿಂದೆ ಬರುತ್ತದೆ. ನಾನು ಆ ಮೊದಲ ಪದವನ್ನು ಸುಮ್ನೆ ದಾಟಿ, ಕೊನೆಗೆ ಏನೋ ಸಿಗುತ್ತದೆ ಅಂತ ಓಡುತ್ತಿದ್ದೆ. ಆಮೇಲೆ ಎರಡು ವಾರ ಒಂದೇ ಅಭ್ಯಾಸ ಮಾಡಿದೆ. ಉದ್ದದ ವಾಕ್ಯ ಬಂದರೆ ಯಾರು, ಏನು ಮಾಡಿದರು ಅನ್ನುವ ಎರಡನ್ನು ಮಾತ್ರ ಪೆನ್ಸಿಲ್‌ನಿಂದ ಗುರುತಿಸುವುದು. ತಿರುವಿನ ಪದಕ್ಕೆ ಸುತ್ತು ಹಾಕುವುದು. ನನ್ನ ಅಂಕ ಏರಲು ಶುರುವಾದದ್ದು ಅಲ್ಲಿಂದ.

ಲೇಖನ ಮುಗಿದ ಮೇಲೆ ಪುಸ್ತಕ ಮುಚ್ಚಿ ಕನ್ನಡದಲ್ಲಿ ಎರಡು ಸಾಲು ಬರೆಯಿರಿ: ಲೇಖಕರು ಏನು ಹೇಳುತ್ತಾರೆ, ಯಾರ ಮಾತನ್ನು ಒಪ್ಪುವುದಿಲ್ಲ. ಬರೆಯಲು ಬಾರದಿದ್ದರೆ ಅರ್ಥವಾಗಿಲ್ಲ ಅಂತ.

ಆಯ್ಕೆಗಳಲ್ಲಿ ಬಲೆ ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಗ್ರೇಟ್ ಟಿಟ್ ಅನ್ನುವ ಪುಟ್ಟ ಹಕ್ಕಿಗಳ ಹಾಡನ್ನು ಸಂಶೋಧಕರು ದಾಖಲಿಸಿದರು. ಗದ್ದಲ ಜಾಸ್ತಿ ಇರುವ ಕಡೆಯ ಹಕ್ಕಿಗಳ ಸ್ವರ ಮೇಲಿನದಾಗಿತ್ತು. 2003ರಲ್ಲಿ ಇದು ಪ್ರಕಟವಾಯಿತು. ಇಂಥ ಗದ್ಯದ ಮೇಲೆ ಪ್ರಶ್ನೆ ಬಂದರೆ, 'ನಗರದ ಎಲ್ಲ ಹಕ್ಕಿಗಳೂ ಸ್ವರ ಏರಿಸುತ್ತವೆ' ಅನ್ನುವುದು ಒಂದು ಬಲೆ. ಗದ್ಯ ಹೇಳಿದ್ದು ಒಂದೇ ಜಾತಿಯ ಬಗ್ಗೆ. 'ಗದ್ದಲದಿಂದ ಹಕ್ಕಿಗಳ ಸಂಖ್ಯೆ ಕಡಿಮೆಯಾಗುತ್ತದೆ' ಅನ್ನುವುದು ಇನ್ನೊಂದು ಬಲೆ. ನಿಜವಿದ್ದರೂ ಇರಬಹುದು, ಆದರೆ ಇಲ್ಲಿ ಆ ಮಾತೇ ಇಲ್ಲ. ಸರಿ ಉತ್ತರ ಸಾಮಾನ್ಯವಾಗಿ ಹದವಾದ ಮಾತಿನಲ್ಲಿರುತ್ತದೆ. ಕೆಲವು ಪ್ರಶ್ನೆಗಳಿಗೆ ಮೂರರಲ್ಲಿ ಒಂದೋ, ಎರಡೋ, ಮೂರೂ ಸರಿ ಇರಬಹುದು. ಸರಿಯಾದವನ್ನೆಲ್ಲ ಗುರುತಿಸಿದರೆ ಮಾತ್ರ ಅಂಕ.

ಬಿಟ್ಟ ಸ್ಥಳದ ಪ್ರಶ್ನೆಗೆ ನನ್ನ ನಿಯಮ ಒಂದೇ: ಆಯ್ಕೆಗಳನ್ನು ಕೈಯಿಂದ ಮುಚ್ಚಿ. 'ಆ ವಿಜ್ಞಾನಿ ಸ್ವಭಾವದಲ್ಲಿ ಡ್ಯಾಶ್ ಆಗಿದ್ದರೂ, ತಮ್ಮ ಸಂಶೋಧನೆಯ ವಿಷಯ ಬಂದರೆ ಗಂಟೆಗಟ್ಟಲೆ ಮಾತಾಡುತ್ತಿದ್ದರು' ಅಂತ ವಾಕ್ಯ ಇದೆ ಅಂದುಕೊಳ್ಳಿ. 'ಇದ್ದರೂ' ಅನ್ನುವುದೇ ಸುಳಿವು. ಖಾಲಿ ಜಾಗಕ್ಕೆ ಮೊದಲು ನಿಮ್ಮದೇ ಪದ ಹಾಕಿ: ಮಾತು ಕಡಿಮೆ. ಆಮೇಲೆ ಕೈ ತೆಗೆದು ನೋಡಿದರೆ 'ಟ್ಯಾಸಿಟರ್ನ್' ತಾನಾಗಿ ಕಾಣುತ್ತದೆ. ಎರಡು ಪದ ಆರಿಸುವ ಪ್ರಶ್ನೆಯಲ್ಲೂ ಇದೇ. ಅಲ್ಲಿ ಆರು ಆಯ್ಕೆಗಳಲ್ಲಿ ಸಮಾನಾರ್ಥದ ಜೋಡಿ ಕಂಡ ತಕ್ಷಣ ಒತ್ತಬೇಡಿ. ವಾಕ್ಯಕ್ಕೆ ಸೇರದ ಜೋಡಿಯನ್ನೂ ಇಟ್ಟಿರುತ್ತಾರೆ.

ಅಣಕು ಪರೀಕ್ಷೆಗೆ ಈ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯದ್ದೇ 'ಪವರ್‌ಪ್ರೆಪ್' ಇದೆ. ಎರಡು ಉಚಿತ. ಒಂದನ್ನು ಶುರುವಿನಲ್ಲಿ ಬರೆಯಿರಿ, ಇನ್ನೊಂದನ್ನು ಪರೀಕ್ಷೆಗೆ ಹತ್ತು ದಿನ ಇರುವಾಗ. ಮಧ್ಯೆ ಬರೆದ ಪ್ರತಿ ಅಭ್ಯಾಸದ ತಪ್ಪುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಸರಿ ಉತ್ತರ ಯಾವುದು ಅಂತ ಬೇಡ. ನಾನು ಆರಿಸಿದ್ದು ಯಾಕೆ ತಪ್ಪು, ಆಗ ಏನು ಯೋಚಿಸಿದ್ದೆ ಅಂತ ಬರೆಯಿರಿ. ನನ್ನ ನೋಟ್‌ಬುಕ್‌ನಲ್ಲಿ 61 ತಪ್ಪುಗಳಿದ್ದವು. ಎಣಿಸಿ ನೋಡಿದರೆ ಪದ ಗೊತ್ತಿಲ್ಲದೆ ಆದದ್ದು 17 ಮಾತ್ರ. ಉಳಿದದ್ದೆಲ್ಲ ವಾಕ್ಯವನ್ನು ಅವಸರದಲ್ಲಿ ಓದಿದ್ದರಿಂದ. ಅದು ತಿಳಿದ ಮೇಲೆ ಕೊನೆಯ ಮೂರು ವಾರ ಹೊಸ ಪದ ನಿಲ್ಲಿಸಿ ಓದುವುದಕ್ಕೇ ಸಮಯ ಕೊಟ್ಟೆ.

ಸಮಯದ ಬಗ್ಗೆ ಇಷ್ಟೇ: ಒಂದು ಪ್ರಶ್ನೆಗೆ ಸರಾಸರಿ ಒಂದೂವರೆ ನಿಮಿಷ. ಪದದ ಪ್ರಶ್ನೆಗಳನ್ನು ಒಂದು ನಿಮಿಷದೊಳಗೆ ಮುಗಿಸಿದರೆ ಗದ್ಯಕ್ಕೆ ಉಸಿರು ಸಿಗುತ್ತದೆ. ಸಿಕ್ಕಿಹಾಕಿಕೊಂಡರೆ ಒಂದು ಉತ್ತರ ಒತ್ತಿ, ಗುರುತು ಹಾಕಿ ಮುಂದೆ ಹೋಗಿ. ಆ ಸುತ್ತು ಮುಗಿಯುವ ಮೊದಲು ವಾಪಸ್ ಬರಬಹುದು.

ನನ್ನ ಡಬ್ಬಿ ಈಗ ಚಿಕ್ಕಪ್ಪನ ಮಗಳ ಹತ್ತಿರ ಇದೆ. ಅವಳೂ ಈ ವರ್ಷ ಬರೆಯುತ್ತಾಳೆ. ಕಾರ್ಡಿನ ಹಿಂಬದಿಯ ಎರಡನೇ ಸಾಲನ್ನು ಮಾತ್ರ ಅಳಿಸಿ ಕೊಟ್ಟಿದ್ದೇನೆ. ಅದನ್ನು ಅವಳು ಅವಳ ಅಮ್ಮನನ್ನು ಕೇಳಿ ತುಂಬುತ್ತಿದ್ದಾಳೆ.