ಕಾರ್ಟೂನಿನೊಳಗೆ ಅಡಗಿ ಕೂತ ಸಿನಿಮಾ ಹಿಡಿಯೋದು ಹೇಗೆ?

ಮೇ ತಿಂಗಳ ಕಲಬುರಗಿ. ಹೊರಗೆ 42 ಡಿಗ್ರಿ ಬಿಸಿಲು. ನಮ್ಮ ದೊಡ್ಡಪ್ಪ ಊಟ ಮುಗಿಸಿ, ಕೂಲರ್ ಮುಂದೆ ಚಾಪೆ ಹಾಸಿ, ‘ಕಾಯಕವೇ ಕೈಲಾಸ’ ಅಂತ ಹೇಳಿ ಮಗ್ಗಲಾಗುತ್ತಾರೆ. ಮನೆಮಂದಿಯೆಲ್ಲ ನಗುತ್ತೇವೆ. ಹೈದರಾಬಾದಿನಿಂದ ಬಂದ ನೆಂಟರ ಹುಡುಗ ಮಾತ್ರ ಪಿಳಿಪಿಳಿ ನೋಡುತ್ತಾನೆ. ಆ ಮಾತು ಅವನು ಮೊದಲು ಕೇಳಿಲ್ಲ, ಅಷ್ಟೇ. ‘ದಿ ಸಿಂಪ್ಸನ್ಸ್’ ನೋಡುವಾಗ ನಮ್ಮ ಪಾಡೂ ಅದೇ ಅಲ್ವಾ? 1989ರಿಂದ ಬರುತ್ತಿರುವ ಈ ಅಮೆರಿಕದ ಕಾರ್ಟೂನ್ ಧಾರಾವಾಹಿಯಲ್ಲಿ ಹಳೇ ಸಿನಿಮಾ, ಟಿವಿ, ಹಾಡುಗಳ ಅಣಕ ಜಾಸ್ತಿ.

ಮೊದಲ ಸಲ ಎಪಿಸೋಡನ್ನು ಸುಮ್ನೆ ಪೂರ್ತಿ ನೋಡಿ. ಎರಡನೇ ಸಲ ರಿಮೋಟ್ ಕೈಯಲ್ಲಿ ಹಿಡಿಯಿರಿ. ಕಥೆಗೆ ಬೇಕಿಲ್ಲದ್ದು ಇಲ್ಲೇನಿದೆ ಅಂತ ನೋಡುತ್ತಾ ಹೋಗಿ. ಶೂಟಿಂಗ್‌ನಲ್ಲಾದರೆ ಹಿಂದೆ ಏನೋ ಒಂದು ಅಕಸ್ಮಾತ್ ಬಂದುಬಿಡಬಹುದು, ಕಾರ್ಟೂನಿನಲ್ಲಿ ಪ್ರತಿಯೊಂದನ್ನೂ ಯಾರೋ ಬೇಕಂತಲೇ ಬರೆದಿರುತ್ತಾರೆ.

1993ರ ‘ರೋಸ್‌ಬಡ್’ ಎಪಿಸೋಡ್ ನೋಡಿ. ಮಿಸ್ಟರ್ ಬರ್ನ್ಸ್ ಅನ್ನೋ ಮುದಿ ಸಾಹುಕಾರ, ಚಿಕ್ಕಂದಿನಲ್ಲಿ ಕಳೆದುಕೊಂಡ ಗೊಂಬೆ ಕರಡಿಯ ಹೆಸರು ಕನವರಿಸುತ್ತಾನೆ. ಕೈಯಿಂದ ಗಾಜಿನ ಗುಂಡೊಂದು ಜಾರುತ್ತದೆ, ಒಳಗೆ ಹಿಮ ಉದುರುತ್ತದಲ್ಲ, ಆ ಥರದ್ದು. ‘ಮಾಮಾ, ಮಲ್ಕೊಂಡ ಮುದುಕನ ಕೈಯಾಗ ಅದು ಯಾಕದ?’ ಅಂದ ನಮ್ಮ ಅಳಿಯ. ಸರಿಯಾದ ಪ್ರಶ್ನೆ! ಆರ್ಸನ್ ವೆಲ್ಸ್‌ನ 1941ರ ‘ಸಿಟಿಜನ್ ಕೇನ್’ ಸಿನಿಮಾ ಶುರುವಾಗೋದೇ ಹೀಗೆ. ಸಾಯುತ್ತಿರುವ ಸಾಹುಕಾರ ‘ರೋಸ್‌ಬಡ್’ ಅನ್ನುತ್ತಾನೆ, ಗುಂಡು ಕೈಜಾರಿ ಒಡೆಯುತ್ತದೆ. ರೋಸ್‌ಬಡ್ ಅಂದ್ರೆ ಏನು ಅಂತ ನಾನು ಹೇಳಲ್ಲ, ಸಿನಿಮಾ ನೋಡಿ.

ಹಾಗಾಗಿ ಎಪಿಸೋಡಿನ ಹೆಸರನ್ನು ಎಂದೂ ಬಿಡಬೇಡಿ. ಪಾತ್ರದ ಹೆಸರೂ ಅಷ್ಟೇ. ‘ಸಿಂಪ್ಸನ್ಸ್‌’ನಲ್ಲಿ ಅಂಗಡಿ ನಡೆಸುವ ಅಪು ಇದ್ದಾನಲ್ಲ, ಆ ಹೆಸರು ಬಂದಿದ್ದು ಸತ್ಯಜಿತ್ ರಾಯ್ ಅವರ ಅಪು ಸಿನಿಮಾಗಳಿಂದ. ಬೋರ್ಡು, ನಂಬರು ಕಂಡರೆ ಅಲ್ಲೇ ನಿಲ್ಲಿಸಿ ಓದಿ. 1990ರ ಒಂದು ಎಪಿಸೋಡಿನಲ್ಲಿ ಕ್ರಸ್ಟಿ ಅನ್ನೋ ಜೋಕರ್ ಜೈಲು ಸೇರುತ್ತಾನೆ, ಅವನ ಕೈದಿ ನಂಬರು ಎ113. ಅದು ಕ್ಯಾಲಿಫೋರ್ನಿಯಾದ ಕ್ಯಾಲ್‌ಆರ್ಟ್ಸ್ ಕಾಲೇಜಿನ ಒಂದು ಕ್ಲಾಸ್‌ರೂಮಿನ ನಂಬರು. ಆ ಎಪಿಸೋಡಿನ ನಿರ್ದೇಶಕ ಬ್ರ್ಯಾಡ್ ಬರ್ಡ್ ಓದಿದ್ದು ಅಲ್ಲೇ. ಪಿಕ್ಸಾರ್ ಕಂಪನಿಯ ಕಾರ್ಟೂನ್ ಸಿನಿಮಾಗಳಲ್ಲೂ ಅದೇ ನಂಬರು ಸಿಗುತ್ತದೆ, ಹುಡುಕಿ.

ಏನೋ ಸಿಕ್ಕಿತು ಅನ್ನಿಸಿದ ಮೇಲೆ ಇಸವಿ ನೋಡಿ. ಇಲ್ಲೇ ಜಾಸ್ತಿ ಜನ ಎಡವೋದು. ಬರ್ನ್ಸ್‌ಗೆ ಗುಂಡು ಹೊಡೆದವರು ಯಾರು ಅನ್ನೋ ಕಥೆ ಬಂದಿದ್ದು 1995ರಲ್ಲಿ. ಅದು ಅಣಕಿಸುವ ‘ಡಲ್ಲಾಸ್’ ಧಾರಾವಾಹಿಯಲ್ಲಿ ಜೆ.ಆರ್. ಅನ್ನೋ ಪಾತ್ರಕ್ಕೆ ಗುಂಡು ಬಿದ್ದು ಅಮೆರಿಕವೆಲ್ಲ ತಲೆ ಕೆಡಿಸಿಕೊಂಡಿದ್ದು 1980ರಲ್ಲಿ. ಲೆಕ್ಕ ಸರಿಹೋಯಿತು. ಮೂಲ ಅಂದುಕೊಂಡದ್ದು ಕಾರ್ಟೂನಿಗಿಂತ ಆಮೇಲೆ ಬಂದಿದ್ದರೆ ನಿಮ್ಮ ಶೋಧ ಅಲ್ಲಿಗೇ ಬಿತ್ತು.

ತಯಾರಿಗೆ ಎಷ್ಟು ದಿನ ಹಿಡಿಯುತ್ತದೆ ಅನ್ನೋದೂ ಗೊತ್ತಿರಲಿ. ‘ಸೌತ್ ಪಾರ್ಕ್’ ಅನ್ನೋ ಇನ್ನೊಂದು ಅಮೆರಿಕದ ಕಾರ್ಟೂನ್ ಧಾರಾವಾಹಿಯ ಎಪಿಸೋಡು ಸುಮಾರು 6 ದಿನದಲ್ಲಿ ತಯಾರಾಗುತ್ತದೆ, ಹಾಗಾಗಿ ಅದಕ್ಕೆ ಹೋದ ವಾರದ ಪೇಪರ್ ತಿರುವಿ ಹಾಕಿ. ‘ಸಿಂಪ್ಸನ್ಸ್‌’ಗೆ ತಿಂಗಳುಗಟ್ಟಲೆ ಬೇಕು, ಅಲ್ಲಿ ಹಳೇ ಸಿನಿಮಾ ಹುಡುಕೋದೇ ವಾಸಿ.

ಕೊನೆಗೆ ಮೂಲವನ್ನೂ ನೋಡಿ. ನಮ್ಮ ಅಳಿಯನಿಗೆ ‘ಸಿಟಿಜನ್ ಕೇನ್’ ಹಾಕಿ ಕೊಟ್ಟೆ. ಗಾಜಿನ ಗುಂಡು ಬಿದ್ದದ್ದೇ ತಡ, ಎದ್ದು ಕೂತ: ‘ಮಾಮಾ, ಇವ್ರು ಬರ್ನ್ಸ್‌ಂದು ಕಾಪಿ ಹೊಡ್ದಾರ!’