ವೃದ್ಧಾಶ್ರಮದ ಆರೈಕೆ: ಹಣ ಕಟ್ಟುವ ಮೊದಲು ನೋಡಬೇಕಾದ್ದು

ಫೋನ್ ಮಾಡಿ ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಯಾವ ವೃದ್ಧಾಶ್ರಮವಾದರೂ ಒಪ್ಪವಾಗಿಯೇ ಕಾಣುತ್ತದೆ. ಸ್ನಾನ, ಕಸ, ಹಾಸಿಗೆ ಎಲ್ಲ ಅಷ್ಟರಲ್ಲಿ ಮುಗಿದಿರುತ್ತದೆ. ಮೊದಲ ಸಲ ಹಾಗೇ ಹೋಗಿ ಬನ್ನಿ. ಎರಡನೇ ಸಲ ಹೇಳದೆ, ಭಾನುವಾರ ಸಂಜೆ ಊಟದ ಹೊತ್ತಿಗೆ ಹೋಗಿ. ಕೈ ನಡುಗುವವರಿಗೆ ತಿನ್ನಿಸುವವರು ಯಾರು, ನುಂಗುವ ತನಕ ಕಾಯುತ್ತಾರಾ, ತಟ್ಟೆಯಲ್ಲಿ ಎಷ್ಟು ಉಳಿದು ವಾಪಸ್ ಹೋಗುತ್ತದೆ ಎಂಬುದನ್ನು ನಿಂತು ನೋಡಿ. ರಾತ್ರಿ ಪಾಳಿಗೆ ಎಷ್ಟು ಜನ, ಅವರಲ್ಲಿ ನರ್ಸಿಂಗ್ ಕಲಿತವರು ಯಾರು ಅಂತ ಕೇಳಿ.

ಹಾಸಿಗೆ ಹಿಡಿದವರ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವುದು ಚರ್ಮ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಜಾಗಕ್ಕೆ ರಕ್ತ ಹರಿಯದೆ ಹಾಸಿಗೆ ಹುಣ್ಣಾಗುತ್ತದೆ. ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ ನೋಡಿ. ಕೆಂಪಗಿರುವ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗಲೂ ಬಿಳಿಚಿಕೊಳ್ಳದೆ ಕೆಂಪಗೇ ಉಳಿದರೆ ಪೆಟ್ಟು ಶುರುವಾಗಿದೆ ಎಂದರ್ಥ. ಕಪ್ಪು ಮೈಯವರಲ್ಲಿ ಕೆಂಪು ಕಾಣದೇ ಇರಬಹುದು, ಮುಟ್ಟಿದರೆ ಬಿಸಿಯೋ ಗಟ್ಟಿಯೋ ಅನ್ನಿಸಬಹುದು. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು, ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಪಟ್ಟಿಯಲ್ಲಿ ಬರೆಯಬೇಕು. ನೀವು ನಾಲ್ಕು ಗಂಟೆಗೆ ಹೋದಾಗಲೇ ಆರು ಗಂಟೆಯ ಸಹಿ ಬಿದ್ದಿದ್ದರೆ ಆ ಪಟ್ಟಿಯನ್ನು ನಂಬಬೇಡಿ. ಏರ್ ಬೆಡ್ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ಇದೆ ಅಂತ ಹೇಳಿದರೂ ಮಗ್ಗುಲು ಬದಲಿಸಲೇಬೇಕು. ಮಲಗಿರುವವರ ಸೊಂಟದ ನೇರಕ್ಕೆ ಏರ್ ಬೆಡ್ ಅಡಿ ಕೈ ಹಾಕಿದಾಗ ಮೈ ಕೈಗೆ ತಗುಲುವಷ್ಟು ಕುಸಿದಿದ್ದರೆ ಗಾಳಿ ಸಾಲದು. ಕರೆಂಟು ಹೋದಾಗ ಪಂಪ್ ಏನಾಗುತ್ತದೆ ಅಂತಲೂ ಕೇಳಿ. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ಮಲೆನಾಡಿನ ಆಶ್ರಮವನ್ನು ಜುಲೈನಲ್ಲಿ ಒಮ್ಮೆಯಾದರೂ ನೋಡಬೇಕು. ಬಟ್ಟೆ ಎಲ್ಲಿ ಒಣಗಿಸುತ್ತಾರೆ? ಒದ್ದೆ ಚಾದರ ಹಾಸಿದರೆ ಚರ್ಮ ಮೆತ್ತಗಾಗಿ ಬೇಗ ಕಿತ್ತುಬರುತ್ತದೆ. ಅಂಗಳದಲ್ಲಿ ಪಾಚಿ ಇದೆಯಾ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯಾ, ರಾತ್ರಿ ಶೌಚಾಲಯದ ದಾರಿಗೆ ದೀಪ ಇದೆಯಾ? ಒಮ್ಮೆ ಜಾರಿ ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ನಡೆಯುವುದಿಲ್ಲ. ಮರ ಬಿದ್ದು ರಸ್ತೆ ಕಟ್ಟಿದ ದಿನ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಯಾವ ದಾರಿ, ಯಾವ ಗಾಡಿ? 108ಕ್ಕೆ ಕರೆ ಮಾಡುತ್ತೇವೆ ಅನ್ನುವಷ್ಟಕ್ಕೇ ಬಿಡಬೇಡಿ.

ತೂಕದ ಪುಸ್ತಕ ಕೇಳಿ. ಒಂದು ತಿಂಗಳಲ್ಲಿ ಶೇ. 5, ಅಂದರೆ 50 ಕೆಜಿ ಇದ್ದವರು ಎರಡೂವರೆ ಕೆಜಿ ಇಳಿದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಮೂಗಿನ ನಳಿಕೆಯಲ್ಲಿ ಆಹಾರ ಕೊಡುವಾಗಲೂ, ಆಮೇಲೆ ಅರ್ಧದಿಂದ ಒಂದು ಗಂಟೆಯೂ ತಲೆಭಾಗ 30–45 ಡಿಗ್ರಿ ಎತ್ತರಿಸಿರಬೇಕು, ಇಲ್ಲವಾದರೆ ಆಹಾರ ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಮೂತ್ರದ ನಳಿಕೆ ಹಾಕಿದವರಿಗೆ ಅದರ ಚೀಲ ಮೂತ್ರಕೋಶಕ್ಕಿಂತ ಕೆಳಗೆ ತೂಗಬೇಕು, ಆದರೆ ನೆಲಕ್ಕೆ ತಾಗಬಾರದು. ಮಾತ್ರೆಯ ಸ್ಟ್ರಿಪ್ ಎಣಿಸಿ ಪಟ್ಟಿಗೆ ತಾಳೆ ಹಾಕಿ. ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲಿ 2–8 ಡಿಗ್ರಿಯಲ್ಲಿರಬೇಕು, ಫ್ರೀಜರಿನಲ್ಲಲ್ಲ.

ಹಗಲೆಲ್ಲ ಎಲ್ಲರೂ ತೂಕಡಿಸುತ್ತಿದ್ದರೆ ನಿದ್ದೆ ಮಾತ್ರೆ ಯಾರಿಗೆ, ಯಾವ ವೈದ್ಯರು ಬರೆದದ್ದು ಅಂತ ಕೇಳಲು ಸಂಕೋಚ ಬೇಡ. ಮಣಿಕಟ್ಟಿನಲ್ಲಿ ಕಟ್ಟಿದ ಗುರುತು ಕಂಡರೆ ಅದೇ ದಿನ ವಿವರಣೆ ಪಡೆಯಿರಿ. ಅಜ್ಜ-ಅಜ್ಜಿಯರನ್ನು ಒಬ್ಬರೇ ಇದ್ದಾಗ ಮಾತಾಡಿಸಿ. ಸಿಬ್ಬಂದಿ ಪಕ್ಕದಲ್ಲಿ ನಿಂತಿದ್ದರೆ ಎಲ್ಲರೂ "ಚೆನ್ನಾಗಿದೆ" ಅಂತಲೇ ಹೇಳುತ್ತಾರೆ.

ಕಂಡದ್ದನ್ನು ತಾರೀಕು, ಹೊತ್ತು ಹಾಕಿ ಬರೆದಿಡಿ, ಹುಣ್ಣಿದ್ದರೆ ಫೋಟೋ ತೆಗೆಯಿರಿ. ಮೊದಲು ಆಶ್ರಮದವರಿಗೇ ಬರಹದಲ್ಲಿ ಕೊಡಿ. ಸರಿಹೋಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೂ ದೂರು ಕೊಡಿ. ಹೊಡೆತ, ಕಟ್ಟಿಹಾಕುವುದು, ಊಟ ಕೊಡದಿರುವುದು ಕಂಡರೆ ಮಾತ್ರ ಇದ್ಯಾವುದಕ್ಕೂ ಕಾಯದೆ 112ಕ್ಕೆ ಕರೆ ಮಾಡಿ.