ಮಕ್ಕಳ ಸಂಧಿವಾತ: ವಾರಕ್ಕೊಮ್ಮೆಯ ಮಾತ್ರೆಯನ್ನು ಮನೆಯಲ್ಲಿ ಕೊಡುವ ಬಗೆ

ಹದಿನಾರು ತುಂಬುವ ಮೊದಲೇ ಮಗುವಿನ ಕೀಲು ಊದಿಕೊಂಡು, ಆರು ವಾರ ಕಳೆದರೂ ಊತ ಇಳಿಯದೆ, ಅದಕ್ಕೆ ಬೇರೆ ಕಾರಣವೂ ಸಿಗದಿದ್ದಾಗ ವೈದ್ಯರು ಅದನ್ನು ಮಕ್ಕಳ ಸಂಧಿವಾತವೆಂದು ಗುರುತಿಸುತ್ತಾರೆ. ನೋವು ಮತ್ತು ಊತ ತಗ್ಗಲು ನ್ಯಾಪ್ರೋಕ್ಸೆನ್ ಅಥವಾ ಐಬುಪ್ರೊಫೇನ್ ಬರೆದುಕೊಟ್ಟಿದ್ದರೆ ಅದನ್ನು ಬರಿಹೊಟ್ಟೆಯಲ್ಲಿ ಕೊಡದೆ, ತಿಂಡಿ ಅಥವಾ ಊಟವಾದ ಮೇಲೆ ಕೊಡಬೇಕು. ಆದರೆ ರೋಗವನ್ನೇ ಹತೋಟಿಗೆ ತಂದು ಕೀಲನ್ನು ಉಳಿಸಲು ಹೆಚ್ಚಾಗಿ ಬಳಸುವ ಔಷಧಿ ಮೆಥೋಟ್ರೆಕ್ಸೇಟ್. ಮನೆಯವರು ಅತಿ ಹೆಚ್ಚು ಎಚ್ಚರ ವಹಿಸಬೇಕಾದದ್ದೂ ಇದರ ವಿಷಯದಲ್ಲೇ.

ಇದನ್ನು ವಾರಕ್ಕೆ ಒಂದೇ ದಿನ ಕೊಡಬೇಕು. ತಪ್ಪಿ ದಿನವೂ ಕೊಟ್ಟರೆ ಬಾಯಲ್ಲಿ ಹುಣ್ಣೆದ್ದು, ರಕ್ತಕಣಗಳು ಕುಸಿದು, ಮಗುವಿನ ಪ್ರಾಣಕ್ಕೇ ಅಪಾಯವಾಗಬಹುದು. ಮರುದಿನ ಶಾಲೆಗೆ ರಜೆ ಇರುವುದರಿಂದ ಶನಿವಾರ ರಾತ್ರಿ ಅನುಕೂಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಶನಿವಾರಗಳಿಗೆಲ್ಲ ಸುತ್ತು ಹಾಕಿಟ್ಟು, ಮಾತ್ರೆ ನುಂಗಿಸಿದ ಕೂಡಲೇ ಅದರ ಮೇಲೆ ಗೀಟು ಎಳೆಯಿರಿ. ಅಪ್ಪ ಕೊಟ್ಟದ್ದು ತಿಳಿಯದೆ ಅಜ್ಜಿ ಮತ್ತೊಮ್ಮೆ ಕೊಡುವ ಪ್ರಮಾದ ಆಗ ತಪ್ಪುತ್ತದೆ. ಜೊತೆಗೆ ಬರೆದುಕೊಡುವ ಫೋಲಿಕ್ ಆಮ್ಲದ ಮಾತ್ರೆಯೂ ಇದರಂತೆಯೇ ಪುಟ್ಟದಾಗಿ, ಹಳದಿಯಾಗಿ ಇರುವುದುಂಟು. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ. ಮೆಥೋಟ್ರೆಕ್ಸೇಟ್ 2.5 ಮಿಲಿಗ್ರಾಂನಲ್ಲೂ 10 ಮಿಲಿಗ್ರಾಂನಲ್ಲೂ ಸಿಗುವುದರಿಂದ, ಔಷಧಿ ಅಂಗಡಿಯಿಂದ ತಂದಾಗಲೆಲ್ಲ ಸ್ಟ್ರಿಪ್ ಮೇಲಿನ ಅಂಕಿಯನ್ನು ಚೀಟಿಯೊಂದಿಗೆ ತಾಳೆ ನೋಡಿ. ಮಾತ್ರೆಯನ್ನು ಪುಡಿ ಮಾಡಬೇಡಿ. ಗರ್ಭಿಣಿಯರು ಅದನ್ನು ಮುಟ್ಟಬಾರದು.

ಪರಿಣಾಮ ಕಾಣಲು 6ರಿಂದ 12 ವಾರ ಹಿಡಿಯುತ್ತದೆ. ಬೆಳಿಗ್ಗೆ ಎದ್ದ ಮಗು ಮಂಡಿ ಮಡಿಸಲಾಗದೆ ಗೋಡೆ ಹಿಡಿದು ನಡೆಯುವುದನ್ನು ನೋಡುತ್ತಾ ಅಷ್ಟು ದಿನ ಕಾಯುವುದು ಹೆತ್ತವರಿಗೆ ಸುಲಭವಲ್ಲ, ಆದರೂ ತಾವಾಗಿಯೇ ಪ್ರಮಾಣ ಹೆಚ್ಚಿಸಬಾರದು. ಮಾತ್ರೆ ಕಂಡರೇ ವಾಕರಿಕೆ ಬರುವಂತಾದರೆ ಮಗುವನ್ನು ಗದರಿಸದೆ ವೈದ್ಯರಿಗೆ ತಿಳಿಸಿ; ಇದೇ ಔಷಧಿಯನ್ನು ಚರ್ಮದಡಿಯ ಚುಚ್ಚುಮದ್ದಾಗಿಯೂ ಕೊಡಬಹುದು. ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡರಷ್ಟು ಕೊಡಲೇಬೇಡಿ.

ರಕ್ತಕಣ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ಹೇಳಿದ ದಿನಕ್ಕೇ ಮಾಡಿಸಿ. ಜ್ವರ ಅಥವಾ ವಾಂತಿಭೇದಿ ಬಂದರೆ, ಮನೆಯಲ್ಲೋ ತರಗತಿಯಲ್ಲೋ ಯಾರಿಗಾದರೂ ಸೀತಾಳೆ ಸಿಡುಬು ಆದರೆ, ಮುಂದಿನ ಮಾತ್ರೆ ಕೊಡುವ ಮೊದಲೇ ವೈದ್ಯರನ್ನು ಕೇಳಿ. ಬೇರೆ ವೈದ್ಯರ ಬಳಿ ಹೋದಾಗಲೂ, ಲಸಿಕೆ ಹಾಕಿಸುವಾಗಲೂ ಈ ಔಷಧಿಯ ಹೆಸರು ಹೇಳಲೇಬೇಕು. ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್ ಇದರ ಜೊತೆ ಸೇರಿದರೆ ಅಪಾಯ. ಕೀಲುನೋವು ನಿಂತರೂ ಕಣ್ಣಿನ ತಪಾಸಣೆ ಬಿಡಬೇಡಿ, ಏಕೆಂದರೆ ಈ ಕಾಯಿಲೆಯಲ್ಲಿ ಕಣ್ಣು ಕೆಂಪಾಗದೆ, ನೋಯದೆ ಒಳಗೊಳಗೇ ಉರಿಯೂತ ಬೆಳೆಯಬಹುದು, ಮತ್ತು ಅದು ಕಣ್ಣಿನ ವೈದ್ಯರ ಸ್ಲಿಟ್ ಲ್ಯಾಂಪಿನಲ್ಲಿ ನೋಡಿದಾಗ ಮಾತ್ರ ಗೊತ್ತಾಗುತ್ತದೆ.